ಬಾಟಲಿ ಅತ್ತೆಯ ಮಾತು

ಮಕ್ಕಳಿಗೆ ಹಾಲು ಕುಡಿಸುವ ಬಾಟಲಿ ತಯಾರಿಸುತ್ತಿದ್ದ ಆ ಕಂಪನಿಯ ಪೇಜಿನಲ್ಲಿ ತಾಯಂದಿರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದವಳಿಗೆ ನಲವತ್ತೊಂದು ವರ್ಷ. ಸ್ವಂತ ಮಕ್ಕಳಿರಲಿಲ್ಲ. ಕಂಪನಿ ಅವಳ ಅಣ್ಣನದು. ಗಂಡ ಬೇರೆ ಮನೆ ಮಾಡಿಕೊಂಡು ಹೋದ ವರ್ಷ ಅವಳು ಮೂರು ತಿಂಗಳು ಯಾರ ಮುಖವನ್ನೂ ನೋಡದೆ ಮಲಗಿದ್ದಳು. ಒಂದು ಬೆಳಿಗ್ಗೆ ಅಣ್ಣ ಬಂದು, "ಏಳು ಪುಟ್ಟಿ, ಆಫೀಸಿಗೆ ಬಾ. ಬಾಟಲಿ ಮಾಡೋದು ನಂಗೆ ಗೊತ್ತು, ಜನರ ಹತ್ರ ಮಾತಾಡೋದು ನಿಂಗೆ ಗೊತ್ತು. ಬಾಟಲಿ ನಂದು, ಬಾಯಿ ನಿಂದು" ಎಂದು ಎಬ್ಬಿಸಿಕೊಂಡು ಹೋಗಿದ್ದ. ಆ ಉಪಕಾರವನ್ನು ಅವಳು ಒಂದು ದಿನವೂ ಮರೆತಿರಲಿಲ್ಲ.

ಅಣ್ಣನ ಮಗಳು ಅವಳನ್ನು ಅತ್ತೆ ಎಂದು ಕರೆಯುವುದನ್ನು ಯಾವುದೋ ವಿಡಿಯೋದಲ್ಲಿ ಕೇಳಿಸಿಕೊಂಡ ತಾಯಂದಿರು ತಾವೂ ಹಾಗೆಯೇ ಕರೆಯತೊಡಗಿದರು. ಬರಬರುತ್ತಾ ಅದು ಬಾಟಲಿ ಅತ್ತೆ ಎಂದಾಯಿತು. "ಈ ಹೆಸರು ಕೇಳಿದ್ರೆ, ನೀನು ಯಾವ ಬ್ರಾಂಡ್ ಕುಡೀತೀಯ ಅಂತಾರೆ ಜನ" ಎಂದು ಅಣ್ಣ ನಗುತ್ತಿದ್ದ. "ನನ್ನ ಗಂಡನ ತಾಯಿಗಿಂತ ಈ ಅತ್ತೇನೇ ವಾಸಿ" ಎಂದು ಒಬ್ಬಳು ಬರೆದ ಕಾಮೆಂಟಿಗೆ ಹನ್ನೊಂದು ಸಾವಿರ ಲೈಕು ಬಿದ್ದಿದ್ದವು.

ಅವಳಿಗೆ ಅದು ಬರೀ ಕೆಲಸವಾಗಿರಲಿಲ್ಲ. ಮಗು ಬಾಟಲಿ ಮುಟ್ಟುತ್ತಿಲ್ಲ ಎಂದು ಒಬ್ಬಳು, ಕುಡಿದದ್ದನ್ನೆಲ್ಲ ಕಕ್ಕುತ್ತದೆ ಎಂದು ಇನ್ನೊಬ್ಬಳು, ನಾಳೆಯಿಂದ ಡ್ಯೂಟಿಗೆ ಹೋಗಬೇಕು, ಕಾಲೇ ಏಳುತ್ತಿಲ್ಲ ಎಂದು ಮತ್ತೊಬ್ಬಳು ಬರೆಯುತ್ತಿದ್ದರು. ಒಬ್ಬೊಬ್ಬರಿಗೂ ಕೂತು ಉತ್ತರ ಬರೆಯುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಿದ್ದಳು. ಜನ ಅವಳನ್ನು ನಂಬಿದ್ದು ಅದಕ್ಕೇ.

ಒಂದು ಮಂಗಳವಾರ ಬೆಳಿಗ್ಗೆ ಪೇಜು ತೆರೆದರೆ ಎಲ್ಲರೂ ಒಂದೇ ವಿಡಿಯೋವನ್ನು ತಂದು ಹಾಕುತ್ತಿದ್ದರು. ಮನೆಯಲ್ಲೇ ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಹಿಂದೆ ಹೊಲಿಗೆ ಯಂತ್ರ, ನೆಲದ ಮೇಲೆ ಚಿಂದಿ. ಅಂಗೈ ಮೇಲೆ ಕಡಲೆಕಾಳಿನಷ್ಟು ದೊಡ್ಡ ಸಿಲಿಕೋನ್ ರಬ್ಬರ್ ತುಂಡು.

"ಇದು ಬಾಟಲಿ ನಿಪ್ಪಲ್ ತುದಿ. ನನ್ನ ಮಗನ ಗಂಟಲಲ್ಲಿ ಸಿಕ್ಕೊಂಡಿತ್ತು. ಮುಖ ನೀಲಿ ಆಗೋಗಿತ್ತು. ಬೋರಲು ಹಾಕಿ ಬೆನ್ನಿಗೆ ತಟ್ಟಿ ತೆಗೆದ್ವಿ. ಬಾಟಲಿ ತಗೊಂಡು ಇನ್ನೂ ಇಪ್ಪತ್ತು ದಿನ ಆಗಿಲ್ಲ."

ಅತ್ತೆ ಎದ್ದು ಸೀದಾ ಅಣ್ಣನ ಕೋಣೆಗೆ ಓಡಿದಳು.

"ಅಣ್ಣ, ಮಾಲಿನಲ್ಲೇನಾದ್ರೂ ದೋಷ ಇದೆಯಾ? ಇದ್ರೆ ಈಗಲೇ ಹೇಳು. ಇದೆ ಅಂತಲೇ ಬರೀತೀನಿ. ಜನ ಕ್ಷಮಿಸ್ತಾರೆ."

ಅಣ್ಣ ಕುರ್ಚಿಯಿಂದ ಎದ್ದು ಬಂದು ಅವಳ ತಲೆಯ ಮೇಲೆ ಕೈ ಇಟ್ಟ. "ನಿನ್ನಾಣೆ ಪುಟ್ಟಿ, ಏನೂ ಇಲ್ಲ. ಎಲ್ಲಾ ಟೆಸ್ಟ್ ಆಗಿದೆ. ಒಲೆ ಮೇಲಿಟ್ಟು ಮರೆತು ಗಂಟೆಗಟ್ಟಲೆ ಕುದಿಸಿರ್ತಾರೆ, ಅಷ್ಟೇ."

ಹೆಸರು ಕೆಡುತ್ತಿರುವ ಕಂಪನಿಗಳನ್ನು ಪಾರು ಮಾಡುವುದನ್ನೇ ಕಸುಬು ಮಾಡಿಕೊಂಡಿದ್ದ ಸಲಹೆಗಾರನೊಬ್ಬ ಮಧ್ಯಾಹ್ನದ ಹೊತ್ತಿಗೆ ಬಂದ. ಮೀಟಿಂಗಿನಲ್ಲಿ ಅವನು ಹೆಚ್ಚು ಮಾತಾಡಲಿಲ್ಲ. "ಕಂಪನಿ ಬಾಯಿ ಬಿಡಬಾರದು. ಬಿಟ್ರೆ ವಕೀಲರ ವಾಸನೆ ಬರುತ್ತೆ. ಅತ್ತೆ ಮಾತಾಡ್ಲಿ. ಕಾಗದ ನೋಡ್ಕೊಂಡು ಓದಬೇಡಿ ಮೇಡಂ. ಅಳು ಬಂದ್ರೆ ತಡೀಲೂಬೇಡಿ" ಎಂದ.

ಅವಳಿಗೆ ಅಳು ಬಂದದ್ದು ನಿಜವೇ. ಕ್ಯಾಮೆರಾ ಮುಂದೆ ಕೂತು ಹೇಳಿದಳು: "ನಮ್ಮ ಮನೇಲೇ ಐದು ತಿಂಗಳ ಕೂಸಿದೆ, ನನ್ನಣ್ಣನ ಮೊಮ್ಮಗಳು. ಇವತ್ತು ಬೆಳಿಗ್ಗೇನೂ ಇದೇ ಬಾಟಲೀಲಿ ಹಾಲು ಕುಡಿದಿದ್ದಾಳೆ. ಆ ತಾಯಿ ಸುಳ್ಳು ಹೇಳ್ತಿದ್ದಾರೆ ಅಂತ ನಾನು ಅನ್ನಲ್ಲ. ಆದ್ರೆ ಜಾಸ್ತಿ ಕುದಿಸಿದ್ರೆ ಯಾವ ನಿಪ್ಪಲ್ ಆದ್ರೂ ಹರಿಯುತ್ತೆ. ನಿದ್ದೆಗೆಟ್ಟ ತಾಯಿ, ಒಲೆ ಮೇಲಿಟ್ಟು ಮರೆತಿರ್ತಾಳೆ. ಅವಳನ್ನ ಯಾರೂ ಬೈಬೇಡಿ."

ಕೂಸಿನ ವಿಷಯ, ಕುದಿಸುವ ವಿಷಯ ಅಣ್ಣ ಹೇಳಿದ್ದು. ಕೊನೆಯ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೇ ಮರುಕದಿಂದ ಸೇರಿಸಿದ್ದಳು.

ಬೈಬೇಡಿ ಎಂದದ್ದೇ ತಡ, ಜನ ಬೈಯಲು ಶುರುಮಾಡಿದರು. ನೆಲದ ಮೇಲಿನ ಚಿಂದಿಗೆ ಕೆಂಪು ವೃತ್ತ ಎಳೆದು, "ಮನೆ ನೋಡಿದ್ರೇ ಗೊತ್ತಾಗುತ್ತೆ ತಾಯಿ ಎಂಥವಳು ಅಂತ" ಎಂದು ಹಂಚಿದರು. ಆ ಹೆಂಗಸಿನ ಫೋನ್ ನಂಬರ್ ಹುಡುಕಿ ಹಾಕಿದರು. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಗಿರಾಕಿಗಳು ವಾಪಸು ಒಯ್ದರಂತೆ. ಮೂರನೆಯ ದಿನ ಆ ಹೆಂಗಸು ತನ್ನ ವಿಡಿಯೋ ತೆಗೆದುಹಾಕಿದಳು. ಸಲಹೆಗಾರ ಕಂಪನಿಯ ವಿರುದ್ಧದ ಕಾಮೆಂಟುಗಳು ಕಡಿಮೆಯಾಗುತ್ತಿರುವುದನ್ನು ಪರದೆಯ ಮೇಲಿನ ಗೆರೆಯೊಂದರಲ್ಲಿ ತೋರಿಸಿ, "ಕಾಲೇಜಲ್ಲಿ ಪಾಠ ಮಾಡೋವಂಥ ಕೇಸಿದು" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದಳು. ಆದರೆ ಬೈಗುಳಗಳನ್ನು ಒಂದೊಂದಾಗಿ ಅಳಿಸುತ್ತಾ ಕೂತಾಗ ಅವಳಿಗೆ ಯಾಕೋ ಊಟ ಸೇರಲಿಲ್ಲ.

ಆಫೀಸಿನಲ್ಲಿ ದಿನವೂ ಅಣ್ಣ ಸಿಗುತ್ತಿದ್ದುದರಿಂದ ಅವನ ಮನೆಗೆ ಹೋಗಿ ತಿಂಗಳ ಮೇಲಾಗಿತ್ತು. ಭಾನುವಾರ ಕೂಸನ್ನು ನೋಡೋಣವೆಂದು ಹೋದಳು. ನೀರು ಕುಡಿಯಲು ಅಡುಗೆಮನೆಗೆ ಕಾಲಿಟ್ಟವಳು ಸಿಂಕಿನ ಪಕ್ಕ ನಿಂತುಬಿಟ್ಟಳು. ತೊಳೆದು ಬೋರಲು ಹಾಕಿದ ನಾಲ್ಕು ಗಾಜಿನ ಬಾಟಲಿಗಳು. ಬೇರೆ ಕಂಪನಿಯವು.

"ಇವು ಯಾರದ್ದು ಅತ್ತಿಗೆ?"

ಅತ್ತಿಗೆ ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ಅದಾ... ಯಾರೋ ಗಿಫ್ಟ್ ಕೊಟ್ಟಿದ್ದು."

ಅಣ್ಣನ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. "ಅಯ್ಯೋ ಅಮ್ಮ, ಅತ್ತೆ ಹತ್ರ ಎಂಥ ಮುಚ್ಚುಮರೆ? ಅಪ್ಪ ತಿಂಗಳ ಹಿಂದೇನೇ ನಮ್ಮ ಬಾಟಲಿನೆಲ್ಲ ಎತ್ತಿ ಬಿಸಾಕಿದ್ರಲ್ಲ ಅತ್ತೆ. ಹೊಸ ಮಾಲು ಬರೋವರೆಗೆ ಇದ್ರಲ್ಲೇ ಕುಡಿಸು ಅಂದ್ರು."

ಅತ್ತೆ ಇದನ್ನು ಕೇಳಿದ್ದು ಅದೇ ಮೊದಲು. ಹುಡುಗಿಗೆ ಅದು ಗೊತ್ತಾಗಲಿಲ್ಲ. "ಆದ್ರೂ ವಿಡಿಯೋದಲ್ಲಿ ಎಷ್ಟು ಚೆನ್ನಾಗಿ ಹೇಳಿದ್ರಿ! ನಂಗೇ ಒಂದು ಕ್ಷಣ ನಿಜ ಅನ್ನಿಸ್ಬಿಡ್ತು. ಎಷ್ಟು ಸಲ ಪ್ರಾಕ್ಟೀಸ್ ಮಾಡಿದ್ರಿ?"

ನೀರು ಕುಡಿಯದೆ ಅತ್ತೆ ಹೊರಗೆ ಬಂದಳು. ಅಣ್ಣ ಪಡಸಾಲೆಯಲ್ಲಿ ಕಾಲು ಚಾಚಿ ಪೇಪರ್ ಓದುತ್ತಿದ್ದ. "ಹೊರಟ್ಯಾ? ಊಟ ಮಾಡ್ಕೊಂಡು ಹೋಗು" ಎಂದ. ತಲೆನೋವು ಎಂದು ಹೇಳಿ ಚಪ್ಪಲಿ ಮೆಟ್ಟಿದಳು.

ಮರುದಿನ ಕಾರ್ಖಾನೆಯ ಪರೀಕ್ಷೆ ಕೋಣೆಗೆ ಹೋದಳು. ಅದನ್ನು ನೋಡಿಕೊಳ್ಳುತ್ತಿದ್ದವರು ಹಿಂದೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು, ಎಲ್ಲರಿಗೂ ಮೇಷ್ಟ್ರು. ಅವಳು ಏನೂ ಕೇಳದೆ ಸ್ಟೂಲಿನ ಮೇಲೆ ಕೂತಳು. ಮೇಷ್ಟ್ರು ಅವಳ ಮುಖ ನೋಡಿದರು. ಆಮೇಲೆ ಡಬ್ಬಿಯಿಂದ ಒಂದು ನಿಪ್ಪಲ್ ತೆಗೆದು ಎಳೆದು ನೋಡುವ ಯಂತ್ರದ ಎರಡು ಹಿಡಿಕೆಗಳ ನಡುವೆ ಸಿಕ್ಕಿಸಿ ಗುಂಡಿ ಒತ್ತಿದರು. ಅದು ಹಿಗ್ಗಲೇ ಇಲ್ಲ. ಹಣ್ಣಿನ ಸಿಪ್ಪೆಯ ಹಾಗೆ ಕಿತ್ತುಬಂತು.

"ಈ ಬ್ಯಾಚಿಗೆ ಅಗ್ಗದ ಸಿಲಿಕೋನ್ ತರಿಸಿದ್ರು. ಇದು ಹರಿಯುತ್ತೆ ಅಂತ ಯಜಮಾನರಿಗೆ ನಾನು ಬರೆದು ಕೊಟ್ಟೆ" ಎಂದು ಕಪಾಟಿನಿಂದ ಪತ್ರದ ಪ್ರತಿ ತೆಗೆದುಕೊಟ್ಟರು. ತಾರೀಕು ಆ ಹೆಂಗಸಿನ ವಿಡಿಯೋಗಿಂತ ಐದು ವಾರ ಹಿಂದಿನದು. ಕೆಳಗೆ ಅಣ್ಣನ ಕೈಬರಹ: 'ನೋಡಿದ್ದೇನೆ. ಯಾರೊಂದಿಗೂ ಚರ್ಚಿಸಬೇಡಿ.'

"ನಂಗೆ ಒಂದು ಮಾತು ಹೇಳಬಾರದಿತ್ತಾ ಮೇಷ್ಟ್ರೇ?"

"ನೀವು ಯಜಮಾನರ ತಂಗಿ ಕಣಮ್ಮಾ. ನಿಮಗೆ ಗೊತ್ತಿಲ್ಲ ಅಂತ ನಾನು ಹೇಗೆ ಅಂದ್ಕೊಳ್ಳಲಿ? ನೀವು ಅತ್ತಿದ್ದು ನೋಡಿ ಫೋನ್ ಬೋರಲು ಹಾಕ್ಬಿಟ್ಟೆ. ಎಂಥ ಹೆಂಗಸಪ್ಪ ಅನ್ನಿಸ್ತು."

ಅಣ್ಣನ ಮೇಜಿನ ಮೇಲೆ ಅವಳು ಆ ಪತ್ರ ಇಟ್ಟಾಗ ಅವನು ಬೆಚ್ಚಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ, ಅಷ್ಟೇ.

"ಕೂತ್ಕೋ ಪುಟ್ಟಿ."

"ಗೊತ್ತಿತ್ತಾ?"

"ಸಾವಿರಕ್ಕೆ ಎರಡೋ ಮೂರೋ ಹರೀತವೆ. ಅಷ್ಟಕ್ಕೆಲ್ಲ..."

"ಗೊತ್ತಿತ್ತಾ ಅಣ್ಣ?"

"ಗೊತ್ತಿತ್ತು."

"ನನ್ನ ತಲೆ ಮೇಲೆ ಕೈ ಇಟ್ಟೆಯಲ್ಲೋ!"

"ಮತ್ತೇನ್ ಮಾಡ್ಲಿ? ನಿಜ ಹೇಳಿದ್ದಿದ್ರೆ ನೀನು ಕ್ಯಾಮೆರಾ ಮುಂದೆ ಕೂರ್ತಿದ್ಯಾ? ಸುಳ್ಳು ಹೇಳೋಕೆ ನಿಂಗೆ ಬರಲ್ಲ. ಚಿಕ್ಕಂದಿನಿಂದ ನೋಡಿಲ್ವಾ ನಾನು?"

"ಮೊಮ್ಮಗಳಿಗೆ ಗಾಜಿನ ಬಾಟಲಿ. ಮಿಕ್ಕವರ ಮಕ್ಕಳು ಏನಾದ್ರೂ ಆಗ್ಲಿ, ಅಲ್ವಾ?"

ಅಣ್ಣ ಕಿಟಕಿಯತ್ತ ನೋಡಿದ. ಕೆಳಗೆ ಪಾಳಿ ಬದಲಾಗುತ್ತಿತ್ತು. "ಅಲ್ಲಿ ಹೋಗ್ತಿದ್ದಾರಲ್ಲ, ಮುನ್ನೂರು ಜನ. ಅವರ ಮನೆ ಒಲೆ ಉರೀಬೇಕು."

"ಮಾಲು ವಾಪಸ್ ತರಿಸು. ಇವತ್ತೇ."

"ಈಗ ಹೇಗೆ ಆಗುತ್ತೆ? ತರಿಸಿದ್ರೆ ನೀನು ಹೇಳಿದ್ದು ಸುಳ್ಳು ಅಂತಾಗಲ್ವಾ? ಮಾರುಕಟ್ಟೆ ನಿಂತಿರೋದೇ ನಿನ್ನ ಮಾತಿನ ಮೇಲೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎನ್ನುತ್ತಾರೆ. ಇಲ್ಲಿ ಬೇಲಿ ಅವಳೇ ಆಗಿದ್ದಳು. ಅದು ಹೊಳೆದಾಗ ಅವಳಿಗೆ ಅಣ್ಣನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಹೇಸಿಗೆ ದೊಡ್ಡದಾಗಿತ್ತು.

ಆಫೀಸಿನಿಂದ ಸೀದಾ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋದಳು. ವಿಳಾಸ ಸಿಗುವುದು ಕಷ್ಟವಾಗಲಿಲ್ಲ; ಕಂಪನಿಯ ಪೇಜಿನಲ್ಲೇ ಯಾರೋ ಹಾಕಿದ್ದರು. ಮೂರನೆಯ ಮಹಡಿ. ಬಾಗಿಲು ತೆರೆದ ಹೆಂಗಸು ಕಂಕುಳಲ್ಲಿದ್ದ ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಒಳಗೆ ಕರೆಯಲಿಲ್ಲ. ಅವಳ ಹಿಂದೆ ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿತ್ತು.

ಅತ್ತೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಪತ್ರ ತೋರಿಸಿದಳು. ಹೆಂಗಸು ಪೂರ್ತಿ ಕೇಳಿಸಿಕೊಂಡಳು.

"ಜನ ಬೈದಿದ್ದು ಹೋಗ್ಲಿ" ಎಂದಳು. "ನಿಮ್ಮ ವಿಡಿಯೋ ನೋಡಿ ನಾನೂ ನಿಮ್ಮನ್ನೇ ನಂಬಿದ್ದೆ. ಅತ್ತೆ ಅಳ್ತಿದ್ದಾರೆ ಅಂದ್ರೆ ತಪ್ಪು ನಂದೇ ಇರ್ಬೇಕು, ನಾನೇ ಒಲೆ ಮೇಲಿಟ್ಟು ಮರೆತಿರ್ಬೇಕು ಅಂತ. ನಮ್ಮವರ ಎದುರಿಗೆ ತಪ್ಪು ಒಪ್ಕೊಂಡೆ ಕಣ್ರೀ. ಮಾಡದೇ ಇರೋ ತಪ್ಪು. ಅವತ್ತಿಂದ ನಮ್ಮನೆಯವರು ಮಗುನ ನನ್ನೊಬ್ಬಳ ಹತ್ರ ಬಿಡೋಕೆ ಹಿಂದೆಮುಂದೆ ನೋಡ್ತಾರೆ."

"ಕ್ಷಮಿಸಮ್ಮ..."

"ನಂಗೆ ಇಲ್ಲಿ ಬಾಗಿಲಲ್ಲಿ ಬೇಡ. ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ."

ಬಾಗಿಲು ಮುಚ್ಚಿಕೊಂಡಿತು. ಅತ್ತೆ ಅದೇ ಮೆಟ್ಟಿಲ ಮೇಲೆ ಕೂತು ಫೋನನ್ನು ಮುಖಕ್ಕೆ ಹಿಡಿದಳು. ಈ ಸಲ ಅಳಲಿಲ್ಲ. ಬ್ಯಾಚಿನ ನಂಬರ್ ಓದಿದಳು, ಈ ನಂಬರಿನ ಬಾಟಲಿ ಇದ್ದರೆ ಈಗಲೇ ನಿಲ್ಲಿಸಿ ಎಂದಳು. ಆ ತಾಯಿ ಏನನ್ನೂ ಮರೆತಿರಲಿಲ್ಲ, ತಪ್ಪು ಕಂಪನಿಯದು, ನಮ್ಮ ಮನೆಯ ಕೂಸು ಬೇರೆ ಬಾಟಲಿಯಲ್ಲಿ ಕುಡಿಯುತ್ತಿದೆ, ನಾನು ವಿಚಾರಿಸದೆ ನಿಮಗೆ ಮಾತು ಕೊಟ್ಟೆ ಎಂದಳು. ಪತ್ರವನ್ನು ಕ್ಯಾಮೆರಾಕ್ಕೆ ಹಿಡಿದಳು.

ವಿಡಿಯೋ ಪೇಜಿನಲ್ಲಿ ಉಳಿದದ್ದು ನಲವತ್ತು ನಿಮಿಷ. ಆಮೇಲೆ ಪಾಸ್‌ವರ್ಡ್ ಬದಲಾಯಿತು. ಆದರೆ ಮಾತು ಆಡಿದರೆ ಹೋಯಿತು ಅನ್ನುವುದು ಒಳ್ಳೆಯ ಮಾತಿಗೂ ಸಲ್ಲುತ್ತದೆ; ಸಾವಿರಾರು ಜನ ಅದನ್ನು ಉಳಿಸಿಕೊಂಡಿದ್ದರು. ಎರಡು ದಿನಕ್ಕೆ ಕಂಪನಿ 'ಮುನ್ನೆಚ್ಚರಿಕೆಯಾಗಿ' ಆ ಬ್ಯಾಚನ್ನು ಹಿಂದಕ್ಕೆ ತರಿಸಿಕೊಂಡಿತು. ಜೊತೆಗೆ ಒಂದು ಪ್ರಕಟಣೆ: 'ನಮ್ಮ ಪೇಜನ್ನು ನೋಡಿಕೊಳ್ಳುತ್ತಿದ್ದವರು ಅನುಮತಿಯಿಲ್ಲದೆ ಆ ತಾಯಿಯನ್ನು ದೂಷಿಸಿದ್ದಕ್ಕೆ ವಿಷಾದಿಸುತ್ತೇವೆ. ಅವರನ್ನು ಕೆಲಸದಿಂದ ತೆಗೆಯಲಾಗಿದೆ.' ಮೇಷ್ಟ್ರ ಪತ್ರದ ಬಗ್ಗೆ 'ಇನ್ನೂ ಪರಿಶೀಲನೆಯಲ್ಲಿದೆ' ಎಂದಷ್ಟೇ ಇತ್ತು. ಸಲಹೆಗಾರನ ಕೈವಾಡ ಅವಳಿಗೆ ಮೊದಲ ಸಾಲಿನಲ್ಲೇ ಗೊತ್ತಾಯಿತು. ಅವಳು ಊಹಿಸದೆ ಹೋದದ್ದು ಅದರ ಮರುದಿನ ಬಂದ ವಿಡಿಯೋ.

ಅವಳ ಕುರ್ಚಿಯಲ್ಲಿ ಅಣ್ಣನ ಮಗಳು ಕೂತಿದ್ದಳು. ಇದೇ ಅತ್ತೆಯ ತೊಡೆಯ ಮೇಲೆ ಬೆಳೆದ ಹುಡುಗಿ. ಕಣ್ಣು ಒದ್ದೆಯಾಗಿತ್ತು. "ನಮ್ಮತ್ತೆ ತುಂಬ ಒಳ್ಳೆಯವರು. ಮಾವ ಬಿಟ್ಟು ಹೋದ್ಮೇಲೆ ಅವರ ಮನಸ್ಸು ಸರಿ ಇಲ್ಲ. ಅವರ ಬಗ್ಗೆ ಯಾರೂ ಕೆಟ್ಟದಾಗಿ ಮಾತಾಡಬೇಡಿ" ಎಂದಳು.

ಆಮೇಲೆ ಏನಾಯಿತೆಂದು ಹೇಳಬೇಕಾಗಿಲ್ಲ. 'ಹುಚ್ಚು ಅತ್ತೆ' ಎಂದವರಲ್ಲಿ ಅವಳ ಹತ್ತಿರ ಮಗುವಿನ ಕಷ್ಟ ಹೇಳಿಕೊಂಡಿದ್ದವರ ಹೆಸರುಗಳೂ ಇದ್ದವು. ಅವಳು ಒಂದೊಂದನ್ನೂ ಗುರುತು ಹಿಡಿದಳು. ಯಾರಿಗೂ ಉತ್ತರ ಬರೆಯಲಿಲ್ಲ.

ಬಾಟಲಿಯ ವಿಚಾರಣೆಗೆ ಬಂದ ಸರಕಾರಿ ಅಧಿಕಾರಿಗಳ ಮುಂದೆ ಮೇಷ್ಟ್ರು ಪತ್ರ ತಮ್ಮದೇ ಎಂದು ಒಪ್ಪಿಕೊಂಡರು; ತಿಂಗಳೊಳಗೆ ಅವರನ್ನು ಮನೆಗೆ ಕಳಿಸಲಾಯಿತು. ಹೊಲಿಗೆಯ ಹೆಂಗಸಿಗೆ ಕೆಲವು ಗಿರಾಕಿಗಳು ಮರಳಿದರು, ಕೆಲವರು ಮರಳಲಿಲ್ಲ. ಅವಳು ಅತ್ತೆಗೆ ಫೋನ್ ಮಾಡಲಿಲ್ಲ, ಅತ್ತೆ ಅದನ್ನು ಬಯಸಲೂ ಇಲ್ಲ. ಕಂಪನಿ ಬಾಟಲಿಯ ಬಣ್ಣ ಬದಲಿಸಿ ಹೊಸ ಹೆಸರಿಟ್ಟು ಮತ್ತೆ ಮಾರತೊಡಗಿತು. ಅತ್ತೆಗೆ ಔಷಧಿ ಡಬ್ಬಿಯೊಳಗಿಡುವ ಚೀಟಿ ಅಚ್ಚುಹಾಕುವ ಪ್ರೆಸ್ಸೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಅವಳ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಅದೇ ಹಿತವೆನಿಸಿತು.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಣ್ಣನ ಫೋನ್ ಬಂತು.

"ಪುಟ್ಟಿ, ಕೂಸು ಅಂಬೆಗಾಲಿಡ್ತಿದೆ. ಬಂದು ನೋಡ್ಕೊಂಡು ಹೋಗು. ಹಳೇದನ್ನೆಲ್ಲ ಎಷ್ಟು ದಿನ ಅಂತ ಹಿಡ್ಕೊಂಡಿರ್ತೀಯ?"

"ಬರ್ತೀನಿ. ನನ್ನ ತಂಗಿಗೆ ಹುಚ್ಚಿಲ್ಲ, ನಾನೇ ಅವಳಿಗೆ ಸುಳ್ಳು ಹೇಳಿದ್ದೆ ಅಂತ ಒಂದು ಸಲ ಎಲ್ಲರ ಮುಂದೆ ಹೇಳು. ಅವತ್ತೇ ಬರ್ತೀನಿ."

ಅಣ್ಣ ದನಿ ತಗ್ಗಿಸಿದ.

"ಅದೆಲ್ಲ ಮುಗಿದ ಕಥೆ ಕಣೇ. ಮತ್ತೆ ಕೆದಕಿದ್ರೆ ಕಂಪನಿಗೆ..."

"ನಿಂಗೆ ಮುಗಿದಿದೆ" ಎಂದಳು.

"ನೀನು ತುಂಬ ಬದಲಾಗ್ಬಿಟ್ಟೆ" ಎಂದು ಅಣ್ಣನೇ ಫೋನ್ ಇಟ್ಟ. ಅವತ್ತಿನಿಂದ ಇಬ್ಬರೂ ಮಾತಾಡಿಲ್ಲ.