ಕನ್ನಡಿಗೆ ಕಟ್ಟಿದ ನಟ್ಟು

ಆಂಬುಲೆನ್ಸ್ ಓಡಿಸುವವನಿಗೆ ಆಸ್ಪತ್ರೆಯವರೆಲ್ಲ ಇಟ್ಟಿದ್ದ ಹೆಸರು ಬಿರುಗಾಳಿ. ಅವನಿಗೂ ಅದು ಇಷ್ಟವೇ. ದೊಡ್ಡಾಸ್ಪತ್ರೆಗಿದ್ದ ನಲವತ್ತು ಕಿಲೋಮೀಟರನ್ನು ಮೂವತ್ತೆರಡು ನಿಮಿಷದಲ್ಲಿ ಮುಗಿಸಿದ ಕಥೆ ಹೇಳಿ ಹೇಳಿ ಎಲ್ಲರಿಗೂ ತಲೆ ಚಿಟ್ಟು ಹಿಡಿಸಿದ್ದ. ಜೋರಾಗಿ ಹೋದರೆ ರೋಗಿ ಬದುಕುತ್ತಾನೆ, ಹನ್ನೊಂದು ವರ್ಷದಲ್ಲಿ ಅವನು ಕಲಿತ ವಿದ್ಯೆ ಇಷ್ಟೇ. ಹಿಂದೆ ಮಲಗಿದವರಿಗೆ ಹೇಗಿರುತ್ತದೆಂದು ಅವನು ಕೇಳಿದವನಲ್ಲ. ಹೇಳುವ ಸ್ಥಿತಿಯಲ್ಲಿ ಅವರೂ ಇರುತ್ತಿರಲಿಲ್ಲ ಬಿಡಿ.

ಆ ಬೆಳಿಗ್ಗೆ ಹಿಂದೆ ಮಲಗಿದ್ದವಳು ಅವನ ಅಕ್ಕ.

ಅಕ್ಕ ದರ್ಜಿ. ತಾಯಿ ಹೋದ ಮೇಲೆ ಹೊಲಿಗೆಯಂತ್ರದ ಪೆಡಲು ತುಳಿದು ತುಳಿದೇ ತಮ್ಮನನ್ನು ಸಾಕಿದವಳು. ಅಂಗಡಿಯ ಅಟ್ಟದಿಂದ ಬಟ್ಟೆಯ ಸುರುಳಿ ಇಳಿಸಲು ಹೋಗಿ ಏಣಿಯಿಂದ ಬಿದ್ದಿದ್ದಳು. ಬೆನ್ನಿನ ಮೂಳೆಯೊಂದು ಒಡೆದಿತ್ತು. ಸಂಜೆಯೊಳಗೆ ಆಪರೇಷನ್ ಆದರೆ ಸಾಕು, ಆದರೆ ದಾರಿಯಲ್ಲಿ ಜೋರಾಗಿ ಕುಲುಕಿದರೆ ಮೂಳೆಯ ಚೂರು ನರಕ್ಕೆ ಚುಚ್ಚಿ ಎರಡೂ ಕಾಲು ಹೋಗಬಹುದು ಎಂದಿದ್ದರು ಡಾಕ್ಟರು.

"ನರ್ಸಮ್ಮ, ಅರ್ಧ ಗಂಟೇಲಿ ಮುಟ್ಟಿಸ್ತೀನಿ," ಎಂದ ಬಿರುಗಾಳಿ.

"ಯಾವಾಗ ಮುಟ್ಟಿಸ್ತೀಯ ಅಂತ ಯಾರು ಕೇಳಿದ್ರು? ಹೇಗೆ ಮುಟ್ಟಿಸ್ತೀಯ ಅದನ್ನ ಹೇಳು," ಎಂದಳು ನರ್ಸಮ್ಮ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಹೆಂಗಸು, ಯಾರ ಮುಲಾಜೂ ಇಲ್ಲ.

"ಹಾಗಾದ್ರೆ ಇಪ್ಪತ್ತರ ಸ್ಪೀಡಲ್ಲಿ ಹೋಗ್ಲಾ?"

"ಎಂಬತ್ತರಲ್ಲೇ ಹೋಗು, ನನಗೇನು? ಇಷ್ಟು ವರ್ಷ ನಿನ್ನ ಹಿಂದೆ ಕೂತು ಸಲೈನ್ ಬಾಟ್ಲಿ ನೋಡ್ತಾ ಬಂದಿದೀನಿ. ಇಪ್ಪತ್ತಿರಲಿ, ಎಂಬತ್ತಿರಲಿ, ನೇರ ದಾರೀಲಿ ಒಂದೇ ಸಮ ಹೋದ್ರೆ ಅದು ನೆಟ್ಟಗೆ ನೇತಾಡ್ಕೊಂಡಿರುತ್ತೆ. ನೀನು ಎಕ್ಸಲೇಟರ್ ಒತ್ತಿದ್ರೆ ಹಿಂದಕ್ಕೆ ಹೋಗುತ್ತೆ, ಬ್ರೇಕ್ ತುಳಿದ್ರೆ ಮುಂದಕ್ಕೆ ಬರುತ್ತೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತೆ. ಮನುಷ್ಯರೂ ಅಷ್ಟೇ. ಸ್ಪೀಡು ನೋಯಿಸಲ್ಲಪ್ಪ, ಸ್ಪೀಡು ಗಕ್ಕನೆ ಬದಲಾಗೋದು ನೋಯಿಸುತ್ತೆ."

ಅವಳು ಬ್ಯಾಂಡೇಜಿನ ಎಳೆಯೊಂದನ್ನು ಹರಿದು, ಟೂಲ್ ಡಬ್ಬಿಯಿಂದ ಒಂದು ನಟ್ಟು ತೆಗೆದು ಕಟ್ಟಿ, ಅವನೆದುರಿನ ಕನ್ನಡಿಗೆ ನೇತುಹಾಕಿದಳು.

"ಬಾಟ್ಲಿ ನಿನಗೆ ಕಾಣಲ್ಲ, ಇದು ಕಾಣುತ್ತೆ. ನಿಮ್ಮಕ್ಕನ ಎರಡೂ ಕಾಲು ಈಗ ನಿನ್ನ ಬಲಗಾಲಿನ ಕೆಳಗಿವೆ. ನೆನಪಿಟ್ಕೋ."

ನೆನಪಿಟ್ಟುಕೊಂಡೇ ಹೊರಟ. ಆದರೆ ಗೇಟು ದಾಟುತ್ತಲೇ ಕೈ ಅದರ ಪಾಡಿಗೆ ಅದು ಸೈರನ್ನಿನ ಗುಂಡಿ ಒತ್ತಿತು. ಹನ್ನೊಂದು ವರ್ಷದ ಚಾಳಿ! ಮುಂದಿದ್ದ ಸ್ಕೂಟರಿನವನು ಆ ಸದ್ದಿಗೆ ಗಾಬರಿಯಾಗಿ, ಪಕ್ಕಕ್ಕೆ ಸರಿಯುವುದು ಬಿಟ್ಟು ನಡುರಸ್ತೆಯಲ್ಲೇ ನಿಂತುಬಿಟ್ಟ. ಬಿರುಗಾಳಿ ಬ್ರೇಕು ತುಳಿದ. ನಟ್ಟು ಮುಂದಕ್ಕೆ ಹಾರಿ ಗಾಜಿಗೆ ಟಕ್ಕನೆ ಬಡಿಯಿತು.

"ಅಯ್ಯಯ್ಯೋ! ನಿಲ್ಲಿಸೋ! ನಿಲ್ಲಿಸಿಬಿಡೋ!" ಹಿಂದಿನಿಂದ ಅಕ್ಕ ಚೀರಿದಳು.

ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ. ಎಂಜಿನ್ ಆರಿಸುವುದಕ್ಕೂ ಕೈ ಏಳಲಿಲ್ಲ. ಕೆಲಹೊತ್ತಿನ ಮೇಲೆ ನಡುವಿನ ಕಿಟಕಿಯಲ್ಲಿ ನರ್ಸಮ್ಮನ ಮುಖ ಕಂಡಿತು.

"ಕಾಲ್ಬೆರಳು ಇನ್ನೂ ಆಡ್ತಿದೆ. ನೋವಿಗೆ ಇಂಜೆಕ್ಷನ್ ಕೊಟ್ಟಿದೀನಿ, ಕಣ್ಣು ಮುಚ್ಚಿದಾರೆ, ಎಚ್ಚರವಾಗೇ ಇದಾರೆ. ಮೊದಲು ಆ ಕಿರುಚೋದನ್ನ ಆರಿಸು."

ಸೈರನ್ ಆರಿಸಿದ. ನುಣುಪು ಬಟ್ಟೆಗೆ ಮೊದಲ ಹೊಲಿಗೆ ಹಾಕುವಾಗ ಅಕ್ಕ ಪೆಡಲನ್ನು ಒಮ್ಮೆಲೇ ತುಳಿಯುತ್ತಿರಲಿಲ್ಲ. ಯಂತ್ರದ ಗಾಲಿಯನ್ನು ಮೊದಲು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಿದ್ದಳು, ಕಾಲಿನ ಕೆಲಸ ಆಮೇಲೆ. ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕೂತು ಅದನ್ನೇ ನೋಡುತ್ತಿದ್ದವನು ಈಗ ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಟ್ಟ. ಗಾಡಿ ಹೊರಟಿತು. ನಟ್ಟು ಹಿಂದಕ್ಕೆ ವಾಲಿತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ.

ಹೆದ್ದಾರಿಗೆ ಹೊಸ ಡಾಂಬರು ಬಿದ್ದಿತ್ತು. ಐದು, ಹತ್ತು, ಇಪ್ಪತ್ತು ಎಂದು ಏರಿಸುತ್ತ ಐವತ್ತಕ್ಕೆ ಬಂದು, ಅಲ್ಲೇ ಉಳಿದ. ನಟ್ಟು ನೆಟ್ಟಗೆ ನಿಂತಿತು. ಪಕ್ಕದಲ್ಲಿ ಬಂದ ತರಕಾರಿ ವ್ಯಾನಿನವನು ತಲೆ ಹೊರಹಾಕಿ, "ಏನಣ್ಣಾ, ಪೇಷಂಟು ಇಳಿದು ನಡ್ಕೊಂಡೇ ಹೋದ್ರಾ?" ಎಂದು ಕಿಚಾಯಿಸಿ ಮುಂದೆ ಹೋದ. ಬೇರೆ ದಿನವಾಗಿದ್ದರೆ ಬಿರುಗಾಳಿ ಅವನನ್ನು ಅಟ್ಟಿಸಿಕೊಂಡು ಹೋಗಿ ಮಾನ ಕಳೆಯುತ್ತಿದ್ದ. ಇವತ್ತು ಮುಳ್ಳನ್ನು ಐವತ್ತರಿಂದ ಕದಲಲು ಬಿಡಲಿಲ್ಲ.

ಇಳಿಜಾರಿನಲ್ಲಿ ದೂರದ ಲಾರಿಯೊಂದರ ಹಿಂದೀಪ ಕೆಂಪಾಯಿತು. ಅಷ್ಟು ದೂರದಿಂದಲೇ ಕಾಲೆತ್ತಿದ. ನಟ್ಟು ಒಂದು ಬೆರಳಿನಷ್ಟು ಮುಂದೆ ಸರಿದು ಮತ್ತೆ ಜಾಗಕ್ಕೆ ಬಂತು.

ಹಿಂದಿನಿಂದ ಮಾತಿಲ್ಲ, ನರಳಾಟವಿಲ್ಲ. ಅಷ್ಟು ಸುಮ್ಮನಿರುವ ಜಾಯಮಾನವೇ ಅಲ್ಲ ಅಕ್ಕನದು. ಅವನಿಗೆ ಭಯವಾಯಿತು. ತಿರುಗಿ ನೋಡಬೇಕೆನಿಸಿದರೂ ನೋಡಲಿಲ್ಲ, ನಟ್ಟಿನಿಂದ ಕಣ್ಣು ತೆಗೆದರೆ ತಾನೇ?

ದೊಡ್ಡಾಸ್ಪತ್ರೆ ಮುಟ್ಟಿದಾಗ ಹೊರಟು ಒಂದು ಗಂಟೆ ಐದು ನಿಮಿಷವಾಗಿತ್ತು. ಗಾಡಿ ಪೂರ್ತಿ ನಿಲ್ಲುವ ಗಳಿಗೆಯಲ್ಲಿ ಬ್ರೇಕನ್ನು ಚೂರು ಸಡಿಲಿಸಿ, ನಿಂತದ್ದೇ ಗೊತ್ತಾಗದಂತೆ ನಿಲ್ಲಿಸಿದ. ಇಳಿದು ಓಡಿ ಹಿಂದಿನ ಬಾಗಿಲು ತೆಗೆದ. ನರ್ಸಮ್ಮ ಅಕ್ಕನ ಅಂಗಾಲನ್ನು ಪೆನ್ನಿನ ತುದಿಯಿಂದ ಗೀರಿದಳು. ಹೆಬ್ಬೆರಳು ಮಡಚಿಕೊಂಡಿತು, ಇನ್ನೊಂದು ಕಾಲಿನದೂ ಮಡಚಿಕೊಂಡಿತು.

ಅಕ್ಕ ಕಣ್ಣು ಬಿಟ್ಟು ತಮ್ಮನನ್ನು ನೋಡಿದಳು.

"ಆವಾಗಿಂದ ನಿಲ್ಲಿಸ್ಕೊಂಡೇ ಇದೀಯಲ್ಲೋ," ಎಂದಳು. "ನಾನು ಕೂಗಿದ್ದಕ್ಕೆ ಹೆದರಿಬಿಟ್ಯಾ? ಹೊರಡಪ್ಪ. ನೋವಾದ್ರೂ ಹೇಗೋ ತಡ್ಕೋತೀನಿ."

ಬಿರುಗಾಳಿ ಸ್ಟ್ರೆಚರಿನ ಕಂಬಿ ಹಿಡಿದುಕೊಂಡು, ಎಲ್ಲರೆದುರಿಗೇ ಅತ್ತುಬಿಟ್ಟ.