ಮುಚ್ಚಳಿಕೆ ಬರೆದುಕೊಡದ ಹೋರಿ

ನಮ್ಮ ಹಾನಗಲ್ಲಿನಲ್ಲಿ ಪೊಲೀಸರು ಬಂದರೆ ಜನ ಬಾಗಿಲು ಹಾಕಿಕೊಳ್ಳುವುದಿಲ್ಲ, ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನೂ ನಿಂತೆ, ಅದೇ ತಪ್ಪಾಯಿತು. ಎದುರುಮನೆ ಮಹಾಲಿಂಗಪ್ಪನ ಕೊಟ್ಟಿಗೆ ಶೋಧಿಸಲು ಬಂದ ಸಾಹೇಬರು ನನ್ನನ್ನೂ ಪಕ್ಕದಲ್ಲಿದ್ದ ದಿಲಾವರನನ್ನೂ ಪಂಚರೆಂದು ಕರೆದರು. ಶೋಧಕ್ಕೆ ಊರಿನ ಇಬ್ಬರು ಸಾಕ್ಷಿ ಬೇಕಂತೆ.

ಇಡೀ ಊರಲ್ಲಿ ಕರೆಯಬಾರದಿದ್ದ ಮನುಷ್ಯನೆಂದರೆ ದಿಲಾವರ. ಹೋದ ದೀಪಾವಳಿಯ ಹೋರಿ ಓಟದಲ್ಲಿ ಕೊರಳ ಕೊಬ್ಬರಿ ಸರ ಯಾರಿಗೂ ಹರಿಯಗೊಡದೆ ಗೆದ್ದದ್ದು ತನ್ನ ಹೋರಿಯೋ ದಿಲಾವರನ ಹೋರಿಯೋ ಎಂದು ಜಗಳವಾಗಿ, ಮಹಾಲಿಂಗಪ್ಪ ಇವನ ಮುಂದಿನ ಹಲ್ಲು ಉದುರಿಸಿದ್ದ. ಕೋರ್ಟು ಮಹಾಲಿಂಗಪ್ಪನನ್ನು ಜೈಲಿಗೆ ಹಾಕದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತ್ತು. ಅಂದಿನಿಂದ ಓಣಿಯಲ್ಲಿ ಏನು ಕಳುವಾದರೂ ಪೊಲೀಸರು ಮೊದಲು ಬರುವುದು ಅವನ ಮನೆಗೆ. ಈ ಸಲ ಯಾರದೋ ಬೋರಿನ ಮೋಟಾರು.

ಮಹಾಲಿಂಗಪ್ಪ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತ. "ಮನಿ ನೋಡ್ರಿ, ಹಿತ್ತಲಾ ನೋಡ್ರಿ. ಇದೊಂದು ಬ್ಯಾಡ್ರಿ."

"ಮುಚ್ಚಳಿಕಿ ಮ್ಯಾಲ ಹೊರಗದೀ. ನಿನಗೆಂಥಾ ಗುಟ್ಟೋ?" ಎಂದರು ಸಾಹೇಬರು.

"ಸುಮ್ಮನ ಇರ್ತೇನಿ ಅಂತ ಬರದುಕೊಟ್ಟೇನ್ರಿ. ಬಾಗಲಾ ತೆಗದಿಟ್ಟಿರ್ತೇನಿ ಅಂತ ಬರದಿಲ್ರಿ."

ಅವನ ಹೆಂಡತಿ ಸರೋಜವ್ವ ಸೆರಗು ಬಿಗಿದಳು. "ಬರದುಕೊಟ್ಟವರು ಇವರ್ರಿ. ಹೋರಿ ಏನ ಬರದುಕೊಟ್ಟೈತಿ?"

ಗಂಡ ಹೆಂಡತಿ ತಡೆದಷ್ಟೂ ಸಾಹೇಬರ ಸಂಶಯ ಬೆಳೆಯಿತು. ಅವರು ಬಾಗಿಲು ತಳ್ಳಿದಾಗ ಮಹಾಲಿಂಗಪ್ಪನ ಕೈ ಮೇಲೆದ್ದಿತು. ಕೈ ಮಾಡಿದರೆ ಜೈಲೇ ಗತಿ. ಹಲ್ಲು ಕಚ್ಚಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ದಿಲಾವರ ಒಬ್ಬಾಂವ ಒಳಗ ಬರೂದು ಬ್ಯಾಡ್ರಿ, ನಮ್ಮ ಹೆಸರು ಹೋಗತೈತಿ" ಎಂದು ಗೋಗರೆದ. ಸಾಹೇಬರು ಕೇಳಲಿಲ್ಲ. ಪೇದೆಯೊಬ್ಬ ಕಾನೂನಿನಂತೆ ಮೊಬೈಲಿನಲ್ಲಿ ವಿಡಿಯೊ ಮಾಡುತ್ತ ಒಳನಡೆದ.

ಮೋಟಾರು ಇರಲಿಲ್ಲ. ಇದ್ದದ್ದು 'ಹಾನಗಲ್ ಸಿಡಿಲು'. ಸುತ್ತಲ ತಾಲೂಕುಗಳನ್ನೆಲ್ಲ ನಡುಗಿಸಿದ ಆ ಹೋರಿ, ಸರೋಜವ್ವನ ಹಳೇ ಸೀರೆಯನ್ನು ಮುಖದ ತುಂಬ ಹೊದ್ದು ತಾನೇ ನಡುಗುತ್ತಿತ್ತು. ಓಣಿಯ ಹುಡುಗರು ಹಬ್ಬಕ್ಕೆ ಮುಂಚೆಯೇ ಪಟಾಕಿ ಹೊಡೆಯುತ್ತಿದ್ದರು. ಒಂದೊಂದು ಸದ್ದಿಗೂ ಅದು ಮೇವಿನ ಗೋದಲಿಯೊಳಗೆ ಇನ್ನಷ್ಟು ತಲೆ ತೂರಿಸುತ್ತಿತ್ತು. ಸರೋಜವ್ವ ಪೊಲೀಸರನ್ನೂ ಮರೆತು ಓಡಿಹೋಗಿ, ಅದರ ಕೊರಳು ತಬ್ಬಿ ಜೋಗುಳ ಹಾಡತೊಡಗಿದಳು.

ಅಂದರೆ ಓಟದಲ್ಲಿ ಇದು ಓಡಿದ್ದು ಶೌರ್ಯಕ್ಕಲ್ಲ, ಅಲ್ಲಿ ಹೊಡೆಯುವ ಪಟಾಕಿಗೆ ಹೆದರಿ! ಪೇದೆ ಕಿಸಕ್ಕನೆ ನಕ್ಕ. ನಾನು ಬಾಯಿಗೆ ಟವೆಲ್ಲು ಒತ್ತಿಕೊಂಡೆ. ಮಹಾಲಿಂಗಪ್ಪ ನೆಲ ನೋಡುತ್ತ ನಿಂತಿದ್ದ.

ದಿಲಾವರ ನಗಲಿಲ್ಲ. ಹೋಗಿ ಮೊಬೈಲಿಗೂ ಹೋರಿಗೂ ನಡುವೆ ನಿಂತ.

"ವಿಡಿಯೊದಾಗ ಗ್ವಾಡಿ ತಗೀರಿ, ಗೋದಲಿ ತಗೀರಿ. ಅದರ ಮಾರಿ ಮಾತ್ರ ಬ್ಯಾಡ್ರಿ ಸಾಹೇಬ್ರ. ನಾಳೆ ಮಂದಿ ಮುಂದ ಅದು ಹೆಂಗ ಮಾರಿ ಎತ್ತಬೇಕು?"

ಸಾಹೇಬರು ಹೋರಿಯನ್ನು ನೋಡಿದರು, ಮಹಾಲಿಂಗಪ್ಪನನ್ನು ನೋಡಿದರು. ಮೊಬೈಲು ಗೋಡೆಯತ್ತ ತಿರುಗಿಸಲು ಹೇಳಿದರು. ಮೋಟಾರು ಸಿಗಲಿಲ್ಲವೆಂದು ಬರೆದದ್ದಕ್ಕೆ ನಾವಿಬ್ಬರೂ ಸಹಿ ಹಾಕಿದೆವು.

ಪೊಲೀಸರು ಹೋದ ಮೇಲೆ ಮಹಾಲಿಂಗಪ್ಪ ದಿಲಾವರನ ಕೈ ಹಿಡಿದುಕೊಂಡ. ದಿಲಾವರ ಹೋಗುತ್ತ ಸರೋಜವ್ವನ ಬಳಿ ದನಿ ತಗ್ಗಿಸಿದ.

"ಅಕ್ಕಾ, ಆ ಹಾಡು ನನಗೂ ಕಲಿಸ್ರಿ. ಪಟಾಕಿ ಕೇಳಿದ್ರ ನಮ್ಮದು ಮಂಚದ ಕೆಳಗ ಹೋಗಾಕ ನೋಡತೈತಿ."