ಎಂಜಿನ್ ಹೊತ್ತಿಕೊಳ್ಳುವ ಸದ್ದು

ಹೊನ್ನಾವರದಲ್ಲಿ ಸದ್ದು ಎಂದರೆ ಕೃಷ್ಣಾನಂದ. ಮದುವೆಯಿರಲಿ, ಕರ್ಕಿಯ ಯಕ್ಷಗಾನದ ಆಟವಿರಲಿ, ಅವನ ಮೈಕ್ ಸೆಟ್ಟೇ ಆಗಬೇಕು. ಭಾಗವತರ ಪದ ಕೊನೆಯ ಸಾಲಿನ ಮುದುಕಿಗೂ ಕೇಳಬೇಕು, ಚೆಂಡೆ ಮಾತ್ರ ಕಿವಿ ಹರಿಯಬಾರದು. ಆ ಹದ ಅವನ ಬೆರಳಿಗೆ ಗೊತ್ತಿತ್ತು. ಹೀಗಿರುವಾಗ ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿನ ವಿನೋದ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟಕ್ಕೆ ತಾನೇ ಎಂಜಿನ್ ಸದ್ದು ಕೂಡಿಸಿದ್ದಾನಂತೆ, ಅದನ್ನು ಕೇಳುತ್ತ ನಿಂತು ಜನ ಬಸ್ಸು ತಪ್ಪಿಸಿಕೊಳ್ಳುತ್ತಾರಂತೆ ಎಂದರೆ ಅನ್ನ ಗಂಟಲಲ್ಲಿ ಇಳಿದೀತೇ?

ಅವನೂ ಹೋಗಿ ಕೇಳಿದ. ಟರ್ಬೊಪ್ರಾಪ್ ವಿಮಾನ, ಅಂದರೆ ಜೆಟ್ಟಿನಂಥ ಎಂಜಿನ್ನಿಗೆ ಪಂಖ ಕಟ್ಟಿದ್ದು. ಮೊದಲು ಸಣ್ಣಗೆ ಗುಂಯ್ ಎಂದು ಏರಿತು. ಅದರೊಳಗೆ ಟಿಕ್ ಟಿಕ್ ಕಿಡಿ. ಎಣ್ಣೆ ಬಿಟ್ಟೊಡನೆ ಭುಸ್ಸೆಂದು ಹೊತ್ತಿಕೊಂಡಿತು. ಪಂಖ ಮೈಮುರಿದು ತಿರುಗತೊಡಗಿತು.

“ಆ ಭುಸ್ ಎಲ್ಲಿಂದ ತಂದ್ಯೋ?”

“ನಮ್ಮನೆ ಪಂಪ್ ಸ್ಟೋವ್, ಕೃಷ್ಣಣ್ಣ! ವಿಮಾನಕ್ಕೆ ಹಾಕೂದೂ ಹೆಚ್ಚುಕಮ್ಮಿ ಸೀಮೆಎಣ್ಣೆನೇ ಅಲ್ದಾ? ಗುಂಯ್ ಅನ್ನೂದು ಹಿಟ್ಟಿನ ಗಿರಣಿ.”

ಯಕ್ಷಗಾನ ನಡೆದಲ್ಲೆಲ್ಲ ಕೃಷ್ಣಾನಂದ ಅಂಥದೇ ಸ್ಟೋವಿನ ಪಕ್ಕ ಕೂತು ಚಾ ಕುಡಿದವನು. ಊರು ಹೊಗಳಿದ ಕಿವಿ ತನ್ನದು, ಹೊಳೆದದ್ದು ಈ ಹುಡುಗನಿಗೆ. ಒಳಗೆ ಮೆಣಸು ಅರೆದಂತಾಯಿತು.

“ಭಾನುವಾರ ಕತಗಾಲದ ಶಾಂತಾರಾಮ ಮಾವ ಬರ್ತ್ರು,” ಎಂದ ವಿನೋದ. “ವಿಮಾನ ರಿಪೇರಿ ಮಾಡಿ ರಿಟೈರ್ ಆದವ್ರು. ಪೈಲಟ್ ಕಲಿಸೂ ಶಾಲೆಯೊಂದಕ್ಕೆ ಇಂಥ ಸದ್ದು ಬೇಕಂತೆ. ಅವರು ಹೂಂ ಅಂದ್ರೆ ನಂದೇ ತಗೊಳ್ತ್ರು. ನಿಮ್ಮ ದೊಡ್ಡ ಸ್ಪೀಕರ್ ಬಾಕ್ಸ್ ಎರಡು ಕೊಡಿ, ಅಣ್ಣ.”

“ಅಡ್ಡಿಲ್ಲ,” ಎಂದ ಕೃಷ್ಣಾನಂದ. ನಗಲಿಕ್ಕೂ ಮರೆಯಲಿಲ್ಲ.

ಭಾನುವಾರ ಸೈಬರ್ ಸೆಂಟರಿನಲ್ಲಿ ಬಾಕ್ಸ್ ಜೋಡಿಸುವಾಗ ಬೇಕೆಂದೇ ಒಂದರ ಕೆಂಪು ವೈರನ್ನೂ ಕಪ್ಪು ವೈರನ್ನೂ ಅದಲುಬದಲು ಮಾಡಿಬಿಟ್ಟ. ಹಾಗೆ ಮಾಡಿದರೆ ಒಂದು ಬಾಕ್ಸ್ ಗಾಳಿ ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಸದ್ದೇನೋ ಬರುತ್ತದೆ, ದಪ್ಪ ದನಿ ಮಾತ್ರ ಸಾಯುತ್ತದೆ. ಮೈಕಿನವರಿಗೆ ಬಿಟ್ಟರೆ ಬೇರೆಯವರಿಗೆ ಇದು ಹೊಳೆಯುವುದಿಲ್ಲ.

ವಿನೋದ ಎಂಜಿನ್ ಶುರು ಮಾಡಿದ. ಶಾಂತಾರಾಮರು ಕಣ್ಣುಮುಚ್ಚಿ ಕೇಳಿ, “ಇದಕ್ಕೆ ಹೊಟ್ಟೇನೇ ಇಲ್ವಲ ಮಾರಾಯ! ಮಿಕ್ಸಿಗೆ ರೆಕ್ಕೆ ಕಟ್ಟಿದಂಗೆ ಆತು,” ಎಂದರು.

ಕೇಳಲು ನೆರೆದವರೆಲ್ಲ ನಕ್ಕರು. ಕೃಷ್ಣಾನಂದನಿಗೆ ಎಳನೀರು ಕುಡಿದಷ್ಟು ತಂಪಾಯಿತು. ಆದರೆ ಕರ್ಕಿಯಲ್ಲಿ ಆಟ ಆಡಿಸುವ ರಮಾನಂದ ಅಲ್ಲೇ ಇದ್ದ.

“ಸದ್ದು ಲಾಯ್ಕ್ ಇತ್ತು, ನಾ ದಿನಾ ಕೇಳ್ತೆ. ಈ ಡಬ್ಬಿನೇ ಲಡಾಸು. ಮುಂದಿನ ಆಟಕ್ಕೆ ಕುಮಟೆ ಮೈಕೇ ತರ್ಸೂದು!”

ಕೃಷ್ಣಾನಂದನ ಮುಖ ಕಪ್ಪಿಟ್ಟಿತು. ಬೇರೆಯವನ ಸದ್ದನ್ನು ಕೊಲ್ಲಲು ತನ್ನ ಬಾಕ್ಸನ್ನೇ ಕತ್ತಿ ಮಾಡಿಕೊಂಡಿದ್ದೆನೆಂಬುದು ಈಗ ತಲೆಗೆ ಹೋಯಿತು.

“ಬಾಕ್ಸಿಗೆ ಎಂತ ಹೇಳ್ಬೇಡಿ,” ಎಂದ ವಿನೋದ. “ಕೃಷ್ಣಣ್ಣನ ಬಾಕ್ಸ್ ಸುಳ್ಳು ಹೇಳೂದಿಲ್ಲ. ನನ್ನ ಸದ್ದೇ ತೆಳು. ಸಣ್ಣ ಸ್ಪೀಕರಲ್ಲಿ ಗೊತ್ತಾಗ್ಲಿಲ್ಲ, ಅಷ್ಟೇ.” ಕಂಪ್ಯೂಟರ್ ಆರಿಸಲು ಕೈ ಚಾಚಿದ.

“ತಡಿಯೋ!” ಕೃಷ್ಣಾನಂದ ಎದ್ದ. ಎಬ್ಬಿಸಿದ್ದು ಹುಡುಗನ ಮುಖವೋ ಕೈತಪ್ಪಲಿದ್ದ ಕರ್ಕಿಯ ಆಟವೋ ಅವನಿಗೇ ತಿಳಿಯಲಿಲ್ಲ. ಬಾಕ್ಸಿನ ಹಿಂದೆ ಬಗ್ಗಿ ವೈರ್ ಸರಿ ಮಾಡಿದ. “ತಿರುಗಾಮುರುಗಾ ಹಾಕಿದ್ದೆ. ತಪ್ಪು ನಂದು. ಮತ್ತೊಂದು ಸಲ ಶುರು ಮಾಡು.”

ಈ ಸಲ ಭುಸ್ ಎನ್ನುವಾಗ ಎದೆಗೇ ತಟ್ಟಿತು. ಪಂಖ ಗಾಳಿ ಹಿಡಿದೊಡನೆ ಕಿಟಕಿಯ ಗಾಜು ಝುಂ ಎಂದಿತು. ಶಾಂತಾರಾಮರು ಯಾವುದೋ ಹಳೆಯ ಅಭ್ಯಾಸದಿಂದ ಎರಡು ಹೆಜ್ಜೆ ಹಿಂದೆ ಸರಿದರು.

“ಹಾಂ, ಇದು ಎಂಜಿನ್ನು. ಶಾಲೆಯವ್ರಿಗೆ ನಾಳೆನೇ ಹೇಳ್ತೆ.”

ವಿನೋದ ಓಡಿಬಂದು ಕೈ ಹಿಡಿದುಕೊಂಡ. “ನೀವಿಲ್ದಿದ್ರೆ ನನ್ನ ಕತೆ ಮುಗೀತಿತ್ತು, ಅಣ್ಣ!”

“ಸಾಕು, ಸಾಕು. ಇನ್ನೊಂದು ಸಲ ಹಾಕು,” ಎಂದ ಕೃಷ್ಣಾನಂದ.

ಹಾಕಿದ. ಎಲ್ಲಾದರೂ ಒಂದು ಐಬು ಸಿಕ್ಕೀತೇ ಎಂದು ಕೃಷ್ಣಾನಂದ ಕಿವಿಗೊಟ್ಟು ಹುಡುಕಿದ. ಸಿಗಲಿಲ್ಲ. ಅದಕ್ಕೇ ಮತ್ತೆ ಹೊಟ್ಟೆ ಉರಿಯಿತು.